ಬೇಸ್ ಗಿಟಾರಿನ ಮೇಲೆ ಒಡೆದ ಕಾಯಿ

“ಆಗೂದಲ್ಲ” ಎಂದವರು ನಮ್ಮ ರೋಣದ ಸಾವುಕಾರರು. ಹೆಣ್ಣುಮಗಳು ಬೇಸ್ ಗಿಟಾರು ಬಾರಿಸುವುದು ಆಗೂದಲ್ಲ, ಅವಳ ಅಕ್ಕನ ಮಗಳು ಡಿಗ್ರಿ ಮುಗಿಸುವುದು ಆಗೂದಲ್ಲ. ಹಾಗೆನ್ನುವಾಗ ಎಲೆಯಡಿಕೆಯ ರಸ ಗದ್ದಕ್ಕೆ ಇಳಿಯುತ್ತಿತ್ತು. ಹೆಬ್ಬೆರಳಿನಿಂದ ಒರೆಸಿ, ಆ ಹೆಬ್ಬೆರಳನ್ನು ಹತ್ತಿರ ಸಿಕ್ಕ ಕಂಬಕ್ಕೆ ತೀಡುತ್ತಿದ್ದರು. ಅವರ ಮನೆಯ ಕಂಬಗಳನ್ನು ನೆನೆದರೆ ಇವತ್ತಿಗೂ ಹೇಸಿಕೆಯಾಗುತ್ತದೆ.

ಆ ಅಕ್ಕನ ಮಗಳು ನಾನು. ಬಾರಿಸುತ್ತಿದ್ದವಳು ನನ್ನ ಚಿಗವ್ವ, ಅವ್ವನ ತಂಗಿ. ಕುಳ್ಳಗಿದ್ದಳು. ಹಳೆಯ ಇಳಕಲ್ ಸೀರೆಯ ಸೆರಗು ಹೊಲಿದು ಗಿಟಾರಿಗೆ ಪಟ್ಟಿ ಮಾಡಿಕೊಂಡಿದ್ದಳು. ಆಗೂದಲ್ಲ ಎನ್ನುತ್ತಲೇ ಕಡಿಮೆ ಕೂಲಿಗೆ ಇಟ್ಟುಕೊಂಡಿದ್ದ ಸಾವುಕಾರರ ರಸಮಂಜರಿ ತಂಡದಲ್ಲಿ, ನರಗುಂದದಿಂದ ಗಜೇಂದ್ರಗಡದವರೆಗಿನ ಮದುವೆಗಳಲ್ಲಿ, ಹಾಡುವವರ ಹಿಂದೆ ಕತ್ತಲಲ್ಲಿ ನಿಂತು ಬಾರಿಸುತ್ತಿದ್ದಳು. “ನಾ ಕಾಣೂದು ಬ್ಯಾಡ. ಕುಂತವರ ಎದಿ ಗುಂಯ್ ಅನ್ನಬೇಕು, ಸಾಕು,” ಎನ್ನುತ್ತಿದ್ದಳು. ಆ ದುಡಿಮೆಯಿಂದಲೇ ನಾನು ಕಾಲೇಜಿಗೆ ಹೋಗುತ್ತಿದ್ದೆ. ಗಿಟಾರು ನಿಂತರೆ ನನ್ನ ಓದೂ ನಿಲ್ಲುತ್ತಿತ್ತು.

ನಿಂತದ್ದು ನನ್ನ ಕೊನೆಯ ವರ್ಷದ ದಸರೆಯ ಖಂಡೇಪೂಜೆಯಲ್ಲಿ. ತಂಡದ ಸಾಮಾನನ್ನೆಲ್ಲ ಸಾಲಾಗಿಟ್ಟು ಕುಂಕುಮ ಬಳಿದ ಸಾವುಕಾರರು, ಟ್ರ್ಯಾಕ್ಟರಿನ ಮುಂದೆ ಒಡೆಯುವವರ ಹಾಗೆ ಕಾಯಿ ಎತ್ತಿದರು.

“ಅದರ ಮ್ಯಾಲೆ ಬ್ಯಾಡ್ರಿ ಸಾವ್ಕಾರ್ರ, ಒಳಗ ವಾಯರ್ ಅದಾವ!” ಎಂದು ಚಿಗವ್ವ ಕೂಗಿದಳು.

“ಏ, ದೇವರ ಕೆಲಸದಾಗ ಬಾಯಿ ಹಾಕಬ್ಯಾಡ.”

ಗಿಟಾರಿನ ಹೊಟ್ಟೆಯ ಮೇಲೇ ಒಡೆದರು. ಕಟ್ಟಿಗೆ ಸೀಳಿ ನೀರೆಲ್ಲ ಒಳಗಿಳಿಯಿತು. ನುಡಿಯದ ಗಿಟಾರಿನವಳು ತಂಡಕ್ಕೆ ಯಾಕೆಂದು ಮರುದಿನವೇ ಆಕೆಯನ್ನು ಬಿಡಿಸಿದರು.

ಅದನ್ನು ನಾವಿಬ್ಬರೂ ಗಜೇಂದ್ರಗಡದ ರಿಪೇರಿ ಅಂಗಡಿಗೆ ಒಯ್ಯುವ ಹೊತ್ತಿಗೆ ವಾರ ದಾಟಿತ್ತು. ಹಿಂದಿನ ಮುಚ್ಚಳ ಬಿಚ್ಚಿದೊಡನೆ ಹುಳಿತ ಕಾಯಿನೀರಿನ ನಾತ ಗಪ್ಪನೆ ಹೊಡೆಯಿತು. ಒಳಗೆ ಕುಂಕುಮದ ಕೆಸರು, ಕಪ್ಪು ಲೋಳೆ, ಅದರಲ್ಲಿ ಅಂಟಿ ಸತ್ತ ಇರುವೆಗಳು. ನಾನು ವೇಲಿನಿಂದ ಮೂಗು ಮುಚ್ಚಿದೆ. ರಿಪೇರಿಯವನೂ ಮುಖ ತಿರುಗಿಸಿದ.

“ಯಕ್ಕಾ, ತಿಪ್ಪಿಗೆ ಒಗೀರಿ ಇದನ್ನ. ಇದಕ್ಕ ಹಾಕೂ ರೊಕ್ಕದಾಗ ಹೊಸಾದ ಬರತೈತಿ.”

“ಖರೇ ಐತಿ ಚಿಗವ್ವಾ, ಬಿಡು,” ಎಂದೆ. ಹೊಸದು ಕೊಳ್ಳುವುದು ನಮ್ಮಿಂದಾಗದು ಎಂದು ಗೊತ್ತಿತ್ತು. ಆದರೂ ಆ ನಾತದಿಂದ ಪಾರಾದರೆ ಸಾಕಾಗಿತ್ತು.

ಚಿಗವ್ವ ಗಿಟಾರಿನ ಕುತ್ತಿಗೆಯನ್ನು ಕಣ್ಣಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು.

“ಸೀಳಿದ್ದು ಅಂಟತೈತಿ. ಹೊಲಸು ತೊಳದ್ರ ಹೋಗತೈತಿ. ಕುತ್ತಿಗಿ ಬಾಗಿದ್ರ ನಾನೂ ಒಗೀತಿದ್ನಿ. ಬಾಗಿಲ್ಲ. ರಿಪೇರಿ ಮಾಡ್ಸೂದ.”

ಅಲ್ಲೇ ಕುಳಿತು ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಲೋಳೆ ಕೆರೆದು ತೆಗೆದಳು. ಅಷ್ಟು ಕೆಲಸ ಉಳಿಯಿತೆಂದು ರಿಪೇರಿಯವನು ಅರ್ಧ ದುಡ್ಡಿಗೇ ಬೇರೆ ವಾಯರು ಹಾಕಿ, ಸೀಳಿಗೆ ಅಂಟು ತುಂಬಿದ. ಗಿಟಾರು ನುಡಿಯಿತು. ದನಿ ತುಸು ಗೊಗ್ಗರಾಗಿತ್ತು, ಅಷ್ಟೇ.

ಸುದ್ದಿ ತಿಳಿದ ಸಾವುಕಾರರು ತಮ್ಮ ಮಗಳ ಮದುವೆಗೆ ಬಾರಿಸೆಂದು ಕರೆಯಲು ಬಂದರು. ನಮ್ಮ ಬಾಗಿಲ ಚೌಕಟ್ಟಿಗೂ ಹೆಬ್ಬೆರಳು ತೀಡಿದರು.

“ಗಿಟಾರ ರಿಪೇರಿ ಆತ್ರಿ ಸಾವ್ಕಾರ್ರ,” ಎಂದಳು ಚಿಗವ್ವ. “ನೀವು ಮಾತ್ರ ಆಗೂದಲ್ಲ ಬಿಡ್ರಿ.”

ಆಕೆ ನರಗುಂದದ ಇನ್ನೊಂದು ತಂಡ ಸೇರಿದಳು. ನಾನು ಡಿಗ್ರಿ ಮುಗಿಸಿದೆ, ನಮ್ಮ ಮನೆತನದಲ್ಲಿ ಮೊದಲನೆಯವಳಾಗಿ.

ಕಾಲೇಜಿನ ಸಮಾರಂಭದಲ್ಲಿ ಪ್ರಮಾಣಪತ್ರ ಕೊಡಲು ಮುಖ್ಯ ಅತಿಥಿಯಾಗಿ ಕುಳಿತವರು ಸಾವುಕಾರರೇ! ಆ ಕೈಯಿಂದಲೇ ಇಸಿದುಕೊಳ್ಳಬೇಕಾಯಿತು. ಕೆಳಗಿಳಿದು ನೋಡಿದರೆ ಕಾಗದದ ಅಂಚಿನಲ್ಲಿ ಕೆಂಪು ಹೆಬ್ಬೆರಳಿನ ಗುರುತು. ಅಸಹ್ಯವಾಗಿ ವೇಲಿನ ತುದಿಯಿಂದ ಒರೆಸಹೋದೆ. ಚಿಗವ್ವ ಕೈ ಹಿಡಿದಳು.

“ಒರಸಬ್ಯಾಡವಾ. ಆಗೂದಲ್ಲ ಅಂದಾವನ ಹೆಬ್ಬಟ್ಟು ಅದು. ಇರ್ಲಿ.”