ಅಕ್ಕನ ಮಂಡಿನೋವಿನ ಮಾತ್ರೆ

ಮೊನ್ನೆ ಚಿಂತಾಮಣಿ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವರು ಪ್ಯಾಂಟು ಮಡಚಿ ಮಂಡಿಗೆ ನೋವಿನ ಸ್ಪ್ರೇ ಹೊಡೆದುಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ನಿಂತುಬಿಟ್ಟೆ. "ಸ್ಟಾಪ್ ಇನ್ನೂ ದೂರ ಐತೆ, ಕೂತ್ಕಳಿ ಸಾರ್" ಅಂದರು. ಅವರಿಗೆ ಏನಂತ ಹೇಳಲಿ? ನಿಮಗಾದರೆ ಹೇಳಬಹುದು.

ನನ್ನ ಅಕ್ಕ ಭಾರತಿ ಮೇಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಮೊದಲು ಪಾಠ, ಆಮೇಲೆ ಕಷಾಯ. ನಾನು ಕಾಮರ್ಸ್ ಓದಿದವನು. ಹೊಟ್ಟೆಯಲ್ಲಿ ಕರುಳು ಯಾವ ಕಡೆಗಿದೆ ಅನ್ನೋದೂ ನನಗೆ ತಿಳಿಯದು ಅಂತ ಅವಳ ನಂಬಿಕೆ. ಅದು ಸುಳ್ಳೂ ಅಲ್ಲ. ಅಂಥವಳಿಗೇ ದೊಡ್ಡ ಕರುಳಿನಲ್ಲಿ ಹುಣ್ಣಾಗಿ ರಕ್ತ ಹೋಗತೊಡಗಿತು. ಅಲ್ಸರೇಟಿವ್ ಕೊಲೈಟಿಸ್ ಅಂದರು. ಉರಿಯೂತ ತಗ್ಗಿಸುವ ಮಾತ್ರೆ ದಿನಾ ನುಂಗಬೇಕು. ನುಂಗಿದಳು. ಮದುವೆ ಊಟ, ಹಬ್ಬದೂಟ ಎಲ್ಲ ದಕ್ಕತೊಡಗಿ, ಕಾಯಿಲೆ ಇತ್ತೆಂಬುದೇ ನಮಗೆ ಮರೆತುಹೋಯಿತು.

ಆಮೇಲೆ ಮಂಡಿ ಊದಿಕೊಂಡಿತು. ಹಗಲೆಲ್ಲ ನಿಂತು ಪಾಠ ಮಾಡುವವಳು. ಸ್ಪ್ರೇ ಹೊಡೆದು ಹೊಡೆದು ಮನೆಯೆಲ್ಲ ಘಾಟು, ನೋವು ಮಾತ್ರ ಜಗ್ಗಲಿಲ್ಲ. ಕೊನೆಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದಳು.

"ಕರುಳಿಗೆ ಏನೂ ಆಗಲ್ವೇನೇ?" ಅಂತ ಅಮ್ಮ ಕೇಳಿದರು.

ಅಕ್ಕ ನಕ್ಕಳು. "ಅದೂ ಉರಿಯೂತಕ್ಕೇ ಅಮ್ಮ, ಇದೂ ಉರಿಯೂತಕ್ಕೇ. ಎರಡೂ ಸೇರಿದ್ರೆ ಒಳ್ಳೇದೇ ಅಲ್ವಾ?"

ತರ್ಕ ಎಷ್ಟು ಚೊಕ್ಕವಾಗಿತ್ತೆಂದರೆ ಮಾತ್ರೆಗೆ ಅಮ್ಮನೇ ನೀರು ತಂದುಕೊಟ್ಟರು.

ಮಂಡಿಯ ಊತ ಇಳಿಯಿತು. ಆ ಖುಷಿಯಲ್ಲೇ ಅಕ್ಕ ನನ್ನನ್ನು ಎಳೆದುಕೊಂಡು ಕೈವಾರಕ್ಕೆ ಹೊರಟಳು. ಬಸ್ಸಿನಲ್ಲಿ ಯಾರನ್ನೋ ಆಡಿಕೊಂಡು ನಗುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ಮುಂಗೈ ಹಿಡಿದಳು. "ಬಸ್ ನಿಲ್ಲಿಸೋ." ಅವಳು ಎದ್ದಾಗ ಸೀಟು ನೋಡಿದೆ. ಕೆಂಪಗಿತ್ತು. ಹಿಂದಿನ ಸೀಟಿನ ಅಜ್ಜಿಯೊಬ್ಬರು ಹೊದ್ದಿದ್ದ ಶಾಲು ತೆಗೆದು ಅಕ್ಕನ ಸೊಂಟಕ್ಕೆ ಸುತ್ತಿದರು. "ಏಮೀ ಕಾದಮ್ಮ, ಏನೂ ಆಗಲ್ಲ, ನನ್ನ ಹೆಗಲು ಹಿಡ್ಕೋ" ಅಂತ ಬಸ್ಸು ನಿಲ್ಲಿಸಿ ಇಳಿಸಿದವರೂ ಅವರೇ. ನಾನು ಬ್ಯಾಗು ಹಿಡಿದು ಹಿಂದೆ ಹೋದೆ, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಹೊಸದಾಗಿ ಏನು ತಗೊಂಡ್ರಿ ಅಂತ ಕೇಳಿದರು. ಅಕ್ಕ ಹೇಳಿದಳು, ತನ್ನ ತರ್ಕದ ಸಮೇತ.

"ಮೇಡಂ, ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನೋ ವಸ್ತು ತಯಾರಾಗುತ್ತೆ. ನಿಮ್ಮ ಮಂಡಿ ಊದಿ ನೋಯೋದರಲ್ಲಿ ಅದರ ಕೈ ಇದೆ. ನೋವಿನ ಮಾತ್ರೆ ಅದನ್ನ ಮೈತುಂಬ ತಡೆಯುತ್ತೆ. ಆದ್ರೆ ಕರುಳಿನ ಒಳಪೊರೆ ಕಾಯೋದಕ್ಕೂ ಅದೇ ಬೇಕು."

"ಮತ್ತೆ ನನ್ನ ಕರುಳಿನ ಮಾತ್ರೆ?"

"ಅದೂ ಅದನ್ನ ಒಂದಿಷ್ಟು ತಗ್ಗಿಸುತ್ತೆ. ಆದ್ರೆ ಬಹುಪಾಲು ಕರುಳಲ್ಲೇ ಇದ್ದು, ಉರಿಯೂತ ಹುಟ್ಟಿಸೋ ಬೇರೆಯವನ್ನೂ ತಡೆಯುತ್ತೆ. ಎರಡೂ ಒಂದೇ ಅಲ್ಲ. ನೋವಿನ ಮಾತ್ರೆ ಎಲ್ಲರಿಗೂ ಹೀಗೆ ಮಾಡಲ್ಲ, ನಿಮಗೆ ಕಾಯಿಲೆ ಕೆರಳಿಸಿರಬೇಕು."

"ನೋಯಿಸೋದೂ ಅದೇ, ಕಾಯೋದೂ ಅದೇನಾ?" ಅಂದಳು ಅಕ್ಕ, ಹಿಂದಿನ ಬೆಂಚಿನ ಹುಡುಗಿಯ ದನಿಯಲ್ಲಿ. ಸೀಟಿನ ಮೇಲೆ ರಕ್ತ ಕಂಡಾಗಲೂ ಅವಳ ಮುಖ ಅಷ್ಟು ಬಿಳಚಿರಲಿಲ್ಲ. ನನ್ನನ್ನೂ ಇವತ್ತಿಗೂ ಬೆಚ್ಚಿಸುವುದು ಆ ಮಾತೇ.

ನೋವಿನ ಮಾತ್ರೆ ಬಿಡಿಸಿ ಸ್ಟೀರಾಯ್ಡ್ ಕೊಟ್ಟರು. ಮುಖ ಊದಿತು, ತಿಂಗಳುಗಟ್ಟಲೆ ಗಂಜಿಯೇ ಗತಿಯಾಯಿತು. ಶಾಲೆಗೆ ರಜೆ. ನಮ್ಮ ಮನೆಯಲ್ಲಿ ಪಾಠವೇ ನಿಂತುಹೋಯಿತು. ಅದೇ ನನಗೆ ಹೆಚ್ಚು ಭಯ ತಂದದ್ದು. ನಿಧಾನವಾಗಿ ರಕ್ತ ನಿಂತಿತು.

ಮೊನ್ನೆ ಬಸ್ಸಿಳಿದವನು ಕೆಲಸ ಬಿಟ್ಟು ನೇರ ಮನೆಗೆ ವಾಪಸ್ ಬಂದೆ. ಅಕ್ಕ ಮಂಡಿಗೆ ಪಟ್ಟಿ ಬಿಗಿದುಕೊಂಡು, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮುಗಿಸಿ ಊಟಕ್ಕೆ ಕೂತಿದ್ದಳು.

"ನೋಯುತ್ತೇನೇ?"

"ನೋಯುತ್ತೆ ಕಣೋ. ಮಂಡಿ ಯಾಕೆ ನೋಡ್ತೀಯ? ತಟ್ಟೆ ನೋಡು."

ತಟ್ಟೆಯಲ್ಲಿ ಮುದ್ದೆ ಅರ್ಧ ಖಾಲಿಯಾಗಿತ್ತು. ನಾನು ಇನ್ನೊಂದು ಸೌಟು ಬಸ್ಸಾರು ಹಾಕಿದೆ. ಅಕ್ಕ ಬೇಡ ಅನ್ನಲಿಲ್ಲ.