ಖಾಲಿ ಟ್ಯಾಂಕಿನ ಮುಂದೆ ಎರಡು ಹೆಜ್ಜೆ

'ಖಾಲಿ ಐತಿ' ಎಂಬ ಮಾತು ಕಿವಿಗೆ ಬಿದ್ದರೆ ಸುಗರಾಬಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಉರಿಯದೆ ಏನು?

ಅಣ್ಣಿಗೇರಿಯ ಸ್ಟೇಷನ್ ರಸ್ತೆಯ ಬಾಜು ಅವಳ ತಗಡಿನ ಅಂಗಡಿ. ಒಂದು ಕಾಲಕ್ಕೆ ಅಲ್ಲಿ ಗಂಡ ರಮಜಾನ್ ಊರವರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮನೆಮನೆಗೆ ಸ್ಟೀಲು ಬಂದ ಮೇಲೆ ಗಾಡಿಗಳ ಟ್ಯಾಂಕಿನ ಬೆಸುಗೆಗೆ ಕೈಹಾಕಿದ. ಹನ್ನೊಂದು ವರ್ಷದ ಹಿಂದೆ, ಕಾಳಿನ ವ್ಯಾಪಾರಿ ಶಂಭುಲಿಂಗಪ್ಪನವರ ಜೀಪಿನ ಪೆಟ್ರೋಲ್ ಟ್ಯಾಂಕು ಅವನ ಮುಖದೆದುರೇ ಸಿಡಿದು ಎರಡೂ ಕಣ್ಣು ಹೋದವು. ಒಳಗಿನ ಪೆಟ್ರೋಲ್ ಆವಿ ಹೋಗಲೆಂದು ನೀರು ತುಂಬಿ ಎರಡು ದಿನ ಇಡುತ್ತೇನೆ ಎಂದು ರಮಜಾನ್ ಹೇಳಿದ್ದ. 'ಖಾಲಿ ಐತಿ, ಲಗೂ ಬೆಂಕಿ ಹಚ್ಚು' ಎಂದು ಬೆನ್ನು ಹತ್ತಿದವರು ಶಂಭುಲಿಂಗಪ್ಪ. ಆಮೇಲೆ ಚಹಾದಂಗಡಿಯಲ್ಲಿ ಕೂತು ಅವರು ಊರಿಗೆಲ್ಲ ಹೇಳಿದ್ದೇ ಬೇರೆ: ರಮಜಾನ್ ಬಾಯಲ್ಲಿ ಬೀಡಿ ಇತ್ತಂತೆ. ಜನ್ಮದಲ್ಲಿ ಬೀಡಿ ಮುಟ್ಟದ ಮನುಷ್ಯ. ಕಣ್ಣು ಕಳೆದುಕೊಂಡವನ ತಲೆಗೇ ತಪ್ಪು ಕಟ್ಟಿದರು, ಊರು ಸುಮ್ಮನೆ ನಂಬಿತು. ಸಾಹುಕಾರರ ಮಾತನ್ನು ಊರು ಯಾವಾಗ ನಂಬಿಲ್ಲ?

ಅಂದಿನಿಂದ ಬೆಸುಗೆ ಸುಗರಾಬಿಯದು. ತಗಡನ್ನು ಬೆರಳ ಗಣ್ಣಿನಿಂದ ಬಡಿದು ಎಲ್ಲಿ ಸವೆದಿದೆ ಎಂದು ಹೇಳುವ ಕೆಲಸ ರಮಜಾನನದು. ಅವನ ಕಿವಿ ಒಮ್ಮೆಯೂ ತಪ್ಪಿಲ್ಲ.

ಆ ಸೋಮವಾರ ಶಂಭುಲಿಂಗಪ್ಪನವರ ಮಗ ಸುಭಾಸ ಒಂದು ಟ್ಯಾಂಕು ತಂದು ಬೇವಿನ ಮರದ ಕೆಳಗೆ ಇಳಿಸಿದ. ಅಜ್ಜನ ಕಾಲದ ಅಂಬಾಸಡರ್ ಕಾರಿನದು. ದನದ ಮನೆಯಲ್ಲಿ ಮೇವಿನ ಹಿಂದೆ ಬಿದ್ದಿದ್ದ ಕಾರು ಈಗ ಮನೆಮಗಳ ಮದುವೆ ಮೆರವಣಿಗೆಗೆ ಬೇಕಾಗಿತ್ತು. ಪೆಟ್ರೋಲ್ ಹಾಕಿ ನೋಡಿದರೆ ತಳದಿಂದ ಸೋರಿತ್ತು. ಅಂಥ ಟ್ಯಾಂಕು ಹುಬ್ಬಳ್ಳಿಯಲ್ಲೂ ಸಿಗಲಿಲ್ಲವಂತೆ.

"ಇವತ್ತ ಸಂಜಿಕ ಆದೀತೇನ್ರಿ ಕಾಕಿ?"

"ಐದು ದಿನ ಬೇಕು."

"ಐದು ದಿನ ಯಾಕ್ರಿ? ಪೆಟ್ರೋಲ್ ಎಲ್ಲಾ ಹೊರಗ ಸುರುವೇನಿ. ಖಾಲಿ ಐತಿ."

ಸುಗರಾಬಿ ಟ್ಯಾಂಕಿಗೆ ಬೆನ್ನು ತಿರುಗಿಸಿದಳು. ಸುಭಾಸ ಅಪ್ಪನಿಗೆ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಶಂಭುಲಿಂಗಪ್ಪನವರೇ ಬಂದಿಳಿದರು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ರಮಜಾನನನ್ನು ನೋಡಲು ಬಾರದ ಮನುಷ್ಯ ಟ್ಯಾಂಕಿಗೆ ಬಂದರು.

"ಏನಬೇ ಸುಗರಾ, ಒಂದ ತೂತಿಗೆ ಐದು ದಿನ? ಖಾಲಿ ಐತಿ ಅಂತ ಹೇಳಿದ್ನೋ ಇಲ್ಲೋ ಅಂವ?"

ಸುಗರಾಬಿ ರಮಜಾನ್ ಕೂತಿದ್ದ ಅಂಗಡಿಯೊಳಗೆ ಹೋಗಿ ಬೆಂಕಿಪೆಟ್ಟಿಗೆ ತಂದಳು.

"ಹಂಗಾರ ಬರ್ರಿ ಸಾವಕಾರ್ರ, ಟ್ಯಾಂಕ್ ಹಿಡಕೊಳ್ರಿ. ಖಾಲಿ ಐತೆಲ್ಲ. ಈಗ ಹಚ್ತೀನಿ."

ಅವಳು ಕಡ್ಡಿ ಗೀರಲಿಲ್ಲ. ಪೆಟ್ಟಿಗೆಯನ್ನು ಸುಮ್ಮನೆ ಕೈಯಲ್ಲಿ ಹಿಡಿದು ನಿಂತಳು. ಶಂಭುಲಿಂಗಪ್ಪನವರ ಚಪ್ಪಲಿ ಜಲ್ಲಿ ಕಡಿಯ ಮೇಲೆ ಎರಡು ಸಲ ಸರಕ್ ಎಂದು ಹಿಂದೆ ಸರಿಯಿತು. ಆಮೇಲೆ ಅವರು ಮಗನ ಕಡೆ ತಿರುಗಿ, "ಐದು ದಿನ ಅಂದ್ರ ಐದು ದಿನ ತಗೊಳ್ಳಿ ಬಿಡು" ಎಂದು ಹೊರಟುಹೋದರು.

ಕೆಲಸ ಶುರುವಾಯಿತು. ಟ್ಯಾಂಕಿಗೆ ಕಂಠಪೂರ್ತಿ ನೀರು ತುಂಬಿ ಮೂರು ದಿನ ಬಿಟ್ಟು, ದಿನವೂ ನೀರು ಬದಲಿಸಿ ಮೂಸಿ ನೋಡಿದಳು. ವಾಸನೆ ಪೂರ್ತಿ ಹೋದ ಮೇಲೆ ಸಣ್ಣ ಕಡಿ, ಹುಣಸೆ ನೀರು ಹಾಕಿ ಗಂಡ ಹೆಂಡತಿ ಆ ಕಡೆ ಈ ಕಡೆ ಹಿಡಿದು ಕುಲುಕಿದರು. ಕೆಂಪು ತುಕ್ಕು ಕೆಸರಿನಂತೆ ಇಳಿಯಿತು. ಸೋಡಾ ಹಾಕಿ ತೊಳೆದು ಬಿಸಿಲಿಗಿಟ್ಟರು. ರಮಜಾನ್ ತಳವನ್ನು ಬಡಿಯುತ್ತ ನಾಲ್ಕು ಕಡೆ ಬೆರಳು ನಿಲ್ಲಿಸಿದ. ಆ ನಾಲ್ಕೂ ಕಡೆ ಸುಗರಾಬಿ ತವರ ಹಿಡಿಯಲೆಂದು ನವಸಾಗರದ ಉಪ್ಪು ತಿಕ್ಕಿ, ಕಾದ ತಾಮ್ರದ ಕೋಲಿನಿಂದ ತವರ ಹರಿಸಿದಳು.

ಕೊನೆಯ ದಿನ ಟ್ಯಾಂಕಿಗೆ ನೀರು ತುಂಬಿ, ಹೊರಗೆ ಒಣ ಸುಣ್ಣ ಬಳಿದು, ಎಲ್ಲಾದರೂ ಹಸಿಯಾಗುತ್ತದೋ ಎಂದು ಕಾಯುತ್ತ ಕೂತಾಗ ರಮಜಾನ್ ಕೇಳಿದ.

"ಸಾವಕಾರ್ರು ಸೋಮಾರ ಇಲ್ಲಿ ಎಷ್ಟ ಹೆಜ್ಜಿ ಹಿಂದ ಸರದ್ರು?"

"ಎರಡು."

ಅವನು ಬೆರಳ ಗಣ್ಣಿನಿಂದ ನೆಲವನ್ನು ಎರಡು ಸಲ ಬಡಿದ. "ಜೀಪಿನ ಟ್ಯಾಂಕಿಗೆ ನಾ ಬೆಂಕಿ ಹಚ್ಚೂ ಮುಂದೂ ಎರಡ ಹೆಜ್ಜಿ ಸರದಿದ್ರು. ಬಿಸಲಿಗೆ ನೆರಳು ಹುಡುಕ್ಯಾರ ಅಂತ ತಿಳಕೊಂಡೆ. ಈ ಕಣ್ಣಿಲೆ ನಾ ಕಡೀಗೆ ಕಂಡಿದ್ದ ಅದು."

ಸುಣ್ಣ ಎಲ್ಲಿಯೂ ಹಸಿಯಾಗಲಿಲ್ಲ. ಸುಗರಾಬಿಗೆ ಈಗ ಎಲ್ಲ ತಿಳಿಯಿತು. ಟ್ಯಾಂಕು ಸಿಡಿಯಬಹುದೆಂದು ಗೊತ್ತಿತ್ತು ಆ ಮನುಷ್ಯನಿಗೆ. ಗೊತ್ತಿದ್ದೇ ತಾನು ಸರಿದು, ಇವನನ್ನು ಮುಂದೆ ಬಿಟ್ಟಿದ್ದ.

ಮರುದಿನ ಬೆಳಿಗ್ಗೆ ಒಣಗಿಸಿದ ಟ್ಯಾಂಕನ್ನು ತಲೆಯ ಮೇಲೆ ಹೊತ್ತು, ಗಂಡನ ಕೈಯನ್ನು ಹೆಗಲ ಮೇಲಿಟ್ಟುಕೊಂಡು ಅವಳು ನೇರ ಚಹಾದಂಗಡಿಗೆ ಹೋದಳು. ಬೆಂಚು ತುಂಬಿತ್ತು. ಶಂಭುಲಿಂಗಪ್ಪನವರ ಪಕ್ಕದಲ್ಲಿ ಸುಭಾಸ ಇದ್ದ.

"ನಿಮ್ಮ ಟ್ಯಾಂಕು ಸಾವಕಾರ್ರ. ಈಗ ಖರೇನ ಖಾಲಿ ಐತಿ, ಬಾಜೂಕ ಕುಂಡ್ರಬಹುದು." ಅವರ ಕಾಲ ಬಳಿ ಇಳಿಸಿದಳು. "ನಮ್ಮವರಿಗೆ ಹಚ್ಚು ಅಂತ ಹೇಳಿ, ಹಚ್ಚೂಕಿಂತ ಮೊದಲ ನೀವು ಎರಡು ಹೆಜ್ಜಿ ಹಿಂದ ಸರದ್ರಿ. ಖಾಲಿ ಇತ್ತಂದ್ರ ಯಾಕ ಸರದ್ರಿ? ಇಷ್ಟು ಮಂದಿ ಮುಂದ ಹೇಳ್ರಿ."

ಶಂಭುಲಿಂಗಪ್ಪನವರು ಕೈಯಲ್ಲಿದ್ದ ಲೋಟವನ್ನೇ ನೋಡಿದರು. ಬೆಂಚಿನ ಮೇಲೆ ಯಾರೂ ಬೀಡಿಯ ಮಾತೆತ್ತಲಿಲ್ಲ.

"ಅಪ್ಪಾ, ಖರೇನ ನೀವು ಹಿಂದ ಸರದಿದ್ರಿ ಏನು?" ಸುಭಾಸ ಕೇಳಿದ.

ಶಂಭುಲಿಂಗಪ್ಪನವರು ತಲೆ ತಗ್ಗಿಸಿದರು. ಅವರ ಪಕ್ಕದಲ್ಲಿ ಬೆಂಚು ಕಿರ್ ಎಂದಿತು, ಎರಡು ಹೆಜ್ಜೆ ದೂರ ಸರಿದ ಸಪ್ಪಳವಾಯಿತು. ರಮಜಾನ್ ಕಿವಿಯನ್ನು ಅತ್ತ ವಾಲಿಸಿ ಕೇಳಿದ, "ಯಾರು ಸರದದ್ದು?"

"ಅವರ ಮಗ" ಎಂದಳು ಸುಗರಾಬಿ.