ಕುದಿಸಬಾರದ ಹಾಲು

ನನ್ನ ಮೊಮ್ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಅಂಗೈಯಷ್ಟಿದ್ದಳು, ಆದರೆ ಎಂಥ ಚಂದ! ಮಾದಾಪುರದ ಆಸ್ಪತ್ರೆಯವರು ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮಗಳನ್ನು ಮನೆಗೆ ಕಳಿಸಿದರು. ಹೊಟ್ಟೆಯ ಹೊಲಿಗೆ ಇನ್ನೂ ಮಾಯದ ಮಗಳು ಮಣಿಕೊಂಡದ ಮನೆಯಲ್ಲಿ ಪಂಪಿನಿಂದ ಹಾಲು ತೆಗೆದು ಬಾಟಲಿಗೆ ತುಂಬುವುದು, ನಾನು ಐಸ್ ಡಬ್ಬಿಯಲ್ಲಿಟ್ಟು ಒಯ್ಯುವುದು. ಸಾಫ್ಟ್‌ವೇರ್ ಕಂಪನಿಗಳ ಗೋಡೆ ಕಟ್ಟಿದ ಗೌಂಡಿ ನಾನು. ಇಷ್ಟು ಹಗುರ ಹೊರೆ ಎಂದೂ ಇಷ್ಟು ಹೆದರಿಸಿರಲಿಲ್ಲ.

ಹಾಲು ಫ್ರಿಜ್ಜಿನಲ್ಲಿದ್ದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಗಿಲು ತೆರೆಯುವುದು, ನೋಡುವುದು, ಮುಚ್ಚುವುದು.

"ಅಪ್ಪಾ, ತಗದು ತಗದು ನೋಡಬ್ಯಾಡ್ರಿ, ತಂಪೆಲ್ಲಾ ಹೊರಗ ಹೊಂಟೈತಿ!" ಎಂದು ಮಗಳು ಗದರುತ್ತಿದ್ದಳು.

ಒಂದು ಮುಂಜಾನೆ ನನ್ನಾಕೆ ಬಾಟಲಿ ಎತ್ತಿ ನೋಡಿದಳು. ಮೇಲೆ ಕೆನೆ, ಕೆಳಗೆ ನೀರಿನಂಥದ್ದು. ಹಾಲು ಕೆಡುತ್ತಿದೆಯೆಂದು ಹೆದರಿ ಒಲೆ ಹೊತ್ತಿಸಿ ಪಾತ್ರೆ ಇಟ್ಟಳು. ನಮ್ಮ ಮನೆಯಲ್ಲಿ ಉಕ್ಕಿಸದ ಹಾಲನ್ನು ಯಾರಿಗೂ ಕೊಟ್ಟದ್ದಿಲ್ಲ.

ಮಗಳು ಹೊಟ್ಟೆ ಹಿಡಿದುಕೊಂಡು ಬಂದಳು. "ಅವ್ವಾ, ಕಾಸಬ್ಯಾಡ! ಅದು ಕೆಟ್ಟಿಲ್ಲ, ತಾಯಿ ಹಾಲು ಇಟ್ರ ಹಂಗ ಕೆನಿ ಬಿಡತೈತಿ. ಜಡ್ಡಿನ ಜೋಡಿ ಹೊಡದಾಡೋ ಬಲ ಅದರಾಗ ಐತಿ, ಕುದಿಸಿದ್ರ ಸಾಯ್ತೈತಿ."

"ಅಂಥಾ ಎಳೀ ಕೂಸಿಗೆ ಹಸಿ ಹಾಲು ಕುಡಸ್ತೀಯೇನು?"

"ನನಗ ನೀ ಕಾಸಿ ಕುಡಿಸಿದ್ದೇನವ್ವಾ?"

ನಾನು ನಕ್ಕುಬಿಟ್ಟೆ. ನನ್ನಾಕೆ ಒಲೆ ಆರಿಸಿ ನನ್ನ ಜೊತೆ ಮಾತು ಬಿಟ್ಟಳು.

"ಹಂಗಾರ ಫ್ರೀಜರ್‌ನಾಗ ಇಟ್ಟು ನಾಳೆ ಒಮ್ಮೆಲೇ ಒಯ್ಯಲೇನು?" ಎಂದೆ.

"ಗಡ್ಡಿ ಕಟ್ಟಿದ್ರ ಸ್ವಲ್ಪ ಬಲ ಕಡಿಮಿ ಆಗತೈತಂತ. ತಾಜಾ ಹಾಲೇ ಛಲೋ ಅಂದಾಳ ನರ್ಸ್. ಹೋಗ್ರಿ ಲಗೂ!"

ನೀರು ಕಲಸಿದ ಸಿಮೆಂಟೂ ಹಾಗೆಯೇ, ಕಾಯುವುದಿಲ್ಲ. ಹೊರಟೆ.

ಆಫೀಸಿನ ಹೊತ್ತು. ಕ್ಯಾಬುಗಳ ನಡುವೆ ಆಟೋ ಸಿಕ್ಕಿಬಿತ್ತು. ಡಬ್ಬಿಯೊಳಗೆ ನೀರು ಗುಳುಗುಳು ಎಂದಿತು. ಐಸ್ ಕರಗುತ್ತಿದೆ! ಹೆಗಲ ಟವೆಲ್ ತೆಗೆದು ಡಬ್ಬಿಗೆ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. "ಒಳಗೇನು ಚಾಚಾ, ಮೀನೇ?" ಎಂದು ಆಟೋದವನು ಹಿಂದಿಯಲ್ಲಿ ಕೇಳಿದ. "ಬಚ್ಚೀ ಕಾ ದೂಧ್," ಕೂಸಿನ ಹಾಲು ಎಂದೆ. ಅವನು ಆಟೋವನ್ನು ಗಲ್ಲಿಗೆ ತಿರುಗಿಸಿದ. ಆ ಗಲ್ಲಿಗಳಲ್ಲಿ ಹೇಗೆ ನುಗ್ಗಿದನೋ, ಅವನ ಮಕ್ಕಳು ತಣ್ಣಗಿರಲಿ.

ನರ್ಸ್ ಡಬ್ಬಿ ತೆರೆದಾಗ ನಾನೂ ಬಗ್ಗಿ ಇಣುಕಿದೆ. ಬಟಾಣಿಯಷ್ಟು ಐಸ್ ಚೂರುಗಳು ಇನ್ನೂ ತೇಲುತ್ತಿದ್ದವು. ಬಾಟಲಿ ಮುಟ್ಟಿ ನೋಡಿ ತಲೆಯಾಡಿಸಿದಳು.

ಸ್ವಲ್ಪ ಹೊತ್ತಿಗೆ ಗಾಜಿನಾಚೆ, ದಾರದಂಥ ಕೊಳವೆಯಲ್ಲಿ ಹಾಲು ಇಳಿದು ಕೂಸಿನೊಳಗೆ ಹೋಯಿತು. ಪುಟ್ಟ ಕಾಲು ಅಲ್ಲಾಡಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಕಾವಲಿನವನು ಬೈದ. ಬೈಯಲಿ!

ಕೂಸು ಮನೆಗೆ ಬಂದ ದಿನ ನನ್ನಾಕೆ ಎಮ್ಮೆ ಹಾಲು ಒಲೆಗೇರಿಸಿ, ಕಟ್ಟೆಯ ತುಂಬ ಹರಿಯುವ ಹಾಗೆ ಉಕ್ಕಿಸಿದಳು. "ಇದನ್ನಾರ ಕುದಿಸಬಹುದಲ್ಲ್ರಿ?" ಎಂದು ನನ್ನನ್ನೇ ಕೇಳಿದಳು.